ಗೆರೆ ಅಳಿಸುವ ಕೋಣೆಯ ಸಿಸ್ಟರ್

ಹೋದ ತಿಂಗಳು ದಟ್ಟಗಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳಿಗೆ ಹೆರಿಗೆಯಾಗಿ ಐದು ತಿಂಗಳು. ಮಗು ಮಲಗಿತ್ತು. ಅವಳು ರೂಮಿನ ಬಾಗಿಲು ಮುಂದೆ ಮಾಡಿ, ಫ್ರಿಜ್ಜಿನಿಂದ ತಂದ ಹಸಿರು ಜೆಲ್ಲಿನ ಡಬ್ಬಿ ತೆರೆದು ಹೊಟ್ಟೆಗೆ ಹಚ್ಚಿಕೊಳ್ಳತೊಡಗಿದಳು. ಲೋಳೆಸರದ ವಾಸನೆ, ಸ್ವಲ್ಪ ಸೌತೆಕಾಯಿಯಂಥದ್ದು, ಅದರ ಹಿಂದೆ ಸಣ್ಣಗೆ ಸ್ಪಿರಿಟ್ಟಿನದು... ನಾನು ಕೂತಲ್ಲಿಂದ ಎದ್ದೆ. ಕಿಟಕಿಯ ಹತ್ತಿರ ಹೋಗಿ ನಿಂತೆ. ಮತ್ತೆ ಬಂದು ಕೂತೆ.

"ನೀನು ಆ ಸ್ಕಿನ್ ಕ್ಲಿನಿಕ್ಕಲ್ಲಿ ಕೆಲ್ಸ ಮಾಡಿದ್ದೆ ಅಲ್ವಾ? ಹೇಳಕ್ಕ, ಈ ಸ್ಟ್ರೆಚ್ ಮಾರ್ಕ್ಸ್ ನಿಜ್ವಾಗ್ಲೂ ಹೋಗ್ತವಾ?" ಎಂದಳು.

ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಿಕೊಟ್ಟವರ ಮುಖವೂ ಆಗಲೇ ಕಣ್ಣ ಮುಂದೆ ಬಂದಿತ್ತು. ಆದರೂ ಮಗು ಎದ್ದಂತಾಯಿತು ನೋಡು ಎಂದು ಮಾತು ತಪ್ಪಿಸಿ, ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಬಂದೆ.

ಡಿಗ್ರಿ ಮುಗಿಸಿ ನಾನು ಸೇರಿದ ಮೊದಲ ಕೆಲಸ ಅದು. ಮಹಡಿಯ ಮೇಲಿನ ಕ್ಲಿನಿಕ್ಕು, ಗಾಜಿನ ಬಾಗಿಲು, ಒಳಗೆ ಸದಾ ಎ.ಸಿ. ಹಳ್ಳಿ ಬಿಟ್ಟು ಮೈಸೂರಿಗೆ ಬಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ ನಮ್ಮಪ್ಪನಿಗೆ, ಮಗಳು ಎ.ಸಿ.ಯಲ್ಲಿ ಕೂತು ಕೆಲಸ ಮಾಡುತ್ತಾಳೆ ಎಂಬುದೇ ದೊಡ್ಡ ಹೆಮ್ಮೆ. ನನ್ನನ್ನು ಕೌನ್ಸೆಲರ್ ಎಂದು ಕರೆಯುತ್ತಿದ್ದರು. ಬಂದವರ ಎದುರು ಕೂತು ಹಳೆಯ ಫೋಟೋಗಳ ಆಲ್ಬಮ್ ತೋರಿಸುವುದು, ಆರು ಸಲವೋ ಎಂಟು ಸಲವೋ ಬರುವಂತೆ ಒಪ್ಪಿಸುವುದು, ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಫೋಟೋ ತೆಗೆಯುವುದು ನನ್ನ ಕೆಲಸ. ಕ್ಲಿನಿಕ್ಕಿನ ಒಡತಿಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಡಾಕ್ಟರಲ್ಲ. ಡಾಕ್ಟರು ವಾರಕ್ಕೆ ಎರಡು ದಿನ ಬಂದು ಯಾರಿಗೆ ಏನು ಎಂದು ಬರೆದಿಟ್ಟು ಹೋಗುತ್ತಿದ್ದರು. ಉಳಿದ ದಿನ ಲೇಸರ್ ಯಂತ್ರ ನಡೆಸುತ್ತಿದ್ದವರು ಸಿಸ್ಟರ್.

ಸಿಸ್ಟರಿಗೆ ಆಗ ಐವತ್ತು ದಾಟಿತ್ತು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು. ಹಣೆಯ ಮೇಲೆ ಕಂಡೂ ಕಾಣದಂತೆ ವಿಭೂತಿ, ಕಾಟನ್ ಸೀರೆಯ ಮೇಲೆ ಬಿಳಿ ಕೋಟು. ಒಂಟಿಕೊಪ್ಪಲಿನಿಂದ ನಡೆದೇ ಬರುತ್ತಿದ್ದರು. ಬಂದ ಕೂಡಲೇ ಚಪ್ಪಲಿ ಬಿಟ್ಟು, ಕೈ ತೊಳೆದು, ಆ ಹಸಿರು ಜೆಲ್ಲನ್ನು ಫ್ರಿಜ್ಜಿನಲ್ಲಿಡುತ್ತಿದ್ದರು. ಲೇಸರ್ ಆದ ಮೇಲೆ ಉರಿ ತಣಿಯಲೆಂದು ಅದನ್ನು ಹಚ್ಚುವುದು. ಅವರ ಕೈಯೆಲ್ಲ ಅದೇ ವಾಸನೆ.

ನಾನು ಮೂರನೇ ವಾರದಲ್ಲೋ ಏನೋ, ಈಗ ತಂಗಿ ಕೇಳಿದ್ದನ್ನೇ ಅವರನ್ನು ಕೇಳಿದ್ದೆ. ದಿನವಿಡೀ ಹೋಗುತ್ತದೆ, ಹೋಗುತ್ತದೆ ಎಂದು ಜನರಿಗೆ ಹೇಳಿ ನನಗೇ ಒಳಗೊಳಗೆ ಏನೋ ಒಂದು ಕೊರೆಯುತ್ತಿತ್ತು.

"ಮೊದ್ಲು ಬಣ್ಣ ನೋಡು ಕಣಮ್ಮ," ಎಂದರು. "ಕೆಂಪಗಿದ್ರೆ ಹೊಸದು, ಒಂದಷ್ಟು ಮಾತು ಕೇಳುತ್ತೆ. ಬೆಳ್ಳಗಾಗಿದ್ರೆ ಅದು ಮಾಗಿರೋ ಗಾಯ. ಸ್ವಲ್ಪ ಮಂಕಾಗ್ಬೋದು, ಅಳಿಸಿ ಹೋಗಲ್ಲ. ಕ್ರೀಮು ಎಣ್ಣೆ ಎಲ್ಲ ಕಡಿತ ಕಮ್ಮಿ ಮಾಡುತ್ತೆ ಅಷ್ಟೆ. ಇನ್ನು ನಮ್ಮಂಥ ಬಣ್ಣದೋರಿಗೆ ಲೇಸರ್ ಕಾವು ಜಾಸ್ತಿ ಆದ್ರೆ, ಗೆರೆ ಇರೋ ಜಾಗದಲ್ಲಿ ಕಪ್ಪು ಬಂದು ಕೂತ್ಕೊಳುತ್ತೆ."

ಆಮೇಲೆ ನೆರಿಗೆಯ ಪಕ್ಕ ಸ್ವಲ್ಪ ಸೆರಗು ಸರಿಸಿ ತಮ್ಮ ಹೊಟ್ಟೆ ತೋರಿಸಿದರು. ಬೆಳ್ಳಿಯ ಎಳೆಗಳ ಹಾಗೆ ಗೆರೆಗಳು. "ನನ್ನ ಮಗಳಿಗೆ ಈಗ ಇಪ್ಪತ್ತೆಂಟು. ಇವಕ್ಕೂ ಅಷ್ಟೇ ವಯಸ್ಸು," ಎಂದು ನಕ್ಕರು.

ಫೋಟೋ ವಿಷಯ ಅವರಿಗೆ ಗೊತ್ತಿತ್ತು. ಮೊದಲ ಫೋಟೋವನ್ನು ಕಿಟಕಿಯ ಪಕ್ಕ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ತೆಗೆಯಬೇಕು, ಆಮೇಲಿನದನ್ನು ಎದುರಿಗೆ ಬಿಳಿ ದೀಪ ಹಚ್ಚಿ ತೆಗೆಯಬೇಕು ಎಂದು ಮೇಡಂ ನನಗೆ ಕಲಿಸಿದ್ದರು. ಪಕ್ಕದ ಬೆಳಕಿನಲ್ಲಿ ಗೆರೆಗಳ ನೆರಳು ಎದ್ದು ಕಾಣುತ್ತಿತ್ತು. ಎದುರಿನ ಬೆಳಕಿನಲ್ಲಿ ಅರ್ಧ ಮಾಯ. ಒಂದು ದಿನ ಸಿಸ್ಟರ್ ನನ್ನ ಪಕ್ಕ ನಿಂತು, ಎರಡನ್ನೂ ಒಂದೇ ಕಡೆ ನಿಲ್ಲಿಸಿ ತೆಗೆದು ನೋಡು ಎಂದರು. ಮೇಡಮ್ಮಿಗೆ ತಿಳಿಯದಂತೆ ನಾಲ್ಕು ಜನರದು ಹಾಗೆ ತೆಗೆದೆ. ಒಬ್ಬ ಬಾಣಂತಿಯ ಕೆಂಪು ಗೆರೆಗಳು ನಿಜಕ್ಕೂ ತಿಳಿಯಾಗಿದ್ದವು. ಉಳಿದ ಮೂವರದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೇ ಗುರುತಿಸಲಾಗಲಿಲ್ಲ. ಸಿಸ್ಟರ್ ನೋಡಿ ಕ್ಯಾಮೆರಾ ವಾಪಸ್ಸು ಕೊಟ್ಟರು. ನಾನು ಮಾರನೆಯ ದಿನ ಮತ್ತೆ ಬಿಳಿ ದೀಪ ಹಚ್ಚಿದೆ.

ಆಮೇಲೆ ಬಂದವಳು ಒಬ್ಬ ಹುಡುಗಿ. ಪ್ರೈಮರಿ ಶಾಲೆಯ ಟೀಚರ್, ನನ್ನಷ್ಟೇ ವಯಸ್ಸು. ಹೈಸ್ಕೂಲಿನಲ್ಲಿ ದಪ್ಪಗಿದ್ದು ಆಮೇಲೆ ಇಳಿದವಳು. ಎರಡೂ ತೋಳಿನ ಒಳಭಾಗ, ಸೊಂಟದ ಎರಡು ಕಡೆ ಹಳೆಯ ಬಿಳಿ ಗೆರೆಗಳು. ಮೂರು ತಿಂಗಳಲ್ಲಿ ಮದುವೆ. "ಅವ್ರಿಗೆ ಮುಂಚೆನೇ ಹೇಳ್ಬೇಕಾ, ಏನು ಮಾಡ್ಬೇಕು ಗೊತ್ತಾಗ್ತಿಲ್ಲ. ಅದಕ್ಕೇ ಹೋಗಿಸ್ಕೊಂಡ್ಬಿಡೋಣ ಅಂತ," ಎಂದಳು. ಬೆಳ್ಳಗಾದವು ಹೋಗುವುದಿಲ್ಲ ಎಂದು ಗೊತ್ತಿದ್ದೂ ನಾನು ಆಲ್ಬಮ್ ಬಿಚ್ಚಿ ತೋರಿಸಿದೆ. ಅವಳು ಒಪ್ಪಿಕೊಂಡಳು.

ಮೂರು ಸಲ ಆಯಿತು. ಏನೂ ಬದಲಾಗಲಿಲ್ಲ. ಅವಳು ಕನ್ನಡಿಯ ಮುಂದೆ ತೋಳೆತ್ತಿ ನೋಡಿಕೊಂಡು, ತೋಳು ಮುಚ್ಚಿಕೊಂಡು ಹೋಗುವಳು.

ನಾಲ್ಕನೆಯ ಸಲ ಬಂದ ದಿನ ನಾನು ಕ್ಯಾಮೆರಾ ಹಿಡಿದು ಆ ಕೋಣೆಯಲ್ಲಿದ್ದೆ. ಹುಡುಗಿ ಪರದೆಯ ಹಿಂದೆ ಬಟ್ಟೆ ಬದಲಿಸುತ್ತಿದ್ದಳು. ಸಿಸ್ಟರ್ ಡಾಕ್ಟರ ಚೀಟಿ ನೋಡಿ ಯಂತ್ರದ ಕಾವಿನ ಅಂಕಿಯನ್ನು ಹನ್ನೆರಡಕ್ಕೆ ಒತ್ತಿದರು. ಎಂದಿನ ಹಾಗೆ ತಮ್ಮಷ್ಟಕ್ಕೆ "ಹನ್ನೆರಡು" ಎಂದೂ ಹೇಳಿಕೊಂಡರು. ಐಸ್ ತರಲೆಂದು ಹೊರಗೆ ಹೋದರು. ಆಗ ಮೇಡಂ ಒಳಗೆ ಬಂದರು. ಅಂಕಿ ನೋಡಿದರು. ನಾಲ್ಕು ಸಲ ಗುಂಡಿ ಒತ್ತಿದರು. ಹದಿನಾರು. ಹೋಗುವಾಗ ನನ್ನ ಕಿವಿಯ ಹತ್ತಿರ, "ಮದುವೆ ಹತ್ರ ಬಂತು, ಏನಾದ್ರೂ ರಿಸಲ್ಟ್ ಕಾಣ್ಬೇಕಲ್ಲ," ಎಂದರು.

ಸಿಸ್ಟರ್ ವಾಪಸ್ಸು ಬಂದರು. ಹುಡುಗಿಗೆ ಅಂದೇಕೋ ಭಯ, ಕಣ್ಣಲ್ಲಿ ನೀರು. ಅವಳ ಕೈ ಹಿಡಿದು ಸಮಾಧಾನ ಮಾಡುತ್ತಲೇ ಅವರು ಕಪ್ಪು ಕನ್ನಡಕ ಹಾಕಿಕೊಂಡು ಶುರು ಮಾಡಿದರು. ನಾನು ಹೇಳಬಹುದಿತ್ತು. ಸಿಸ್ಟರ್, ಅಂಕಿ ನೋಡಿ, ಎಂದರೆ ಸಾಕಿತ್ತು. ಮೂರೇ ಮಾತು... ಮೇಡಂ ಗೊತ್ತಿದ್ದೇ ಮಾಡಿರಬೇಕು, ನಾನ್ಯಾರು ಎಂದುಕೊಂಡು ಸುಮ್ಮನೆ ನಿಂತೆ.

ಒಂದು ತೋಳು ಮುಗಿದು ಸೊಂಟ ಅರ್ಧವಾಗುವ ಹೊತ್ತಿಗೆ ಹುಡುಗಿ ಉರಿ ತಡೆಯಲಾರದೆ ಎದ್ದು ಕೂತಳು. ಸಿಸ್ಟರ್ ಕನ್ನಡಕ ತೆಗೆದು ತೋಳು ನೋಡಿದರು. ಆಮೇಲೆ ಯಂತ್ರದ ಕಡೆ ನೋಡಿದರು. ಹದಿನಾರು ಎಂದಿತ್ತು. ಯಂತ್ರ ಆರಿಸಿ ಐಸ್ ಇಟ್ಟರು, ಜೆಲ್ ಹಚ್ಚಿದರು, ಆ ಮಧ್ಯಾಹ್ನ ಪೂರ್ತಿ ಹುಡುಗಿಯ ಪಕ್ಕದಲ್ಲೇ ಕೂತರು.

ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದು, "ನೀನೂ ಅಲ್ಲೇ ಇದ್ದೆ, ನೆನಪಿರ್ಲಿ," ಎಂದಷ್ಟೇ ಹೇಳಿದರು. ಅಷ್ಟು ಸಾಕಾಯಿತು.

ಸಂಜೆ ನೀರಿನ ಕ್ಯಾನಿನ ಹತ್ತಿರ ಸಿಸ್ಟರ್ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಲೋಟವಿತ್ತು.

"ನಾನು ಎಷ್ಟಕ್ಕೆ ಇಟ್ಟೆ, ನೀನು ನೋಡಿದ್ಯೇನಮ್ಮ? ಹನ್ನೆರಡು ಅಂತ ನಂಗೆ ನೆನಪು. ನಾನು ಹೊರಗೆ ಹೋದಾಗ ಯಾರಾದ್ರೂ ಬಂದಿದ್ರಾ?"

"ಯಾರೂ ಬರ್ಲಿಲ್ಲ ಸಿಸ್ಟರ್," ಎಂದೆ. "ನಾನು ಕ್ಯಾಮೆರಾ ನೋಡ್ಕೊತಿದ್ದೆ."

ಅವರು ತಲೆಯಾಡಿಸಿದರು. "ಹಂಗಾದ್ರೆ ನಾನೇ ಇರ್ಬೇಕು," ಎಂದು ಲೋಟ ತೊಳೆದಿಟ್ಟು ಹೋದರು.

ವಾರದೊಳಗೆ ಹುಡುಗಿಯ ತೋಳು, ಸೊಂಟ ಕಪ್ಪಾದವು. ಅವಳ ತಾಯಿ ಬಂದು ಜಗಳವಾಡಿದಾಗ, ನರ್ಸು ಮಾಡಿದ ತಪ್ಪು, ಅವರನ್ನು ತೆಗೆದುಹಾಕಿದ್ದೇವೆ ಎಂದು ಮೇಡಂ ಹೇಳಿದರು. ಸಿಸ್ಟರ್ ಬಿಳಿ ಕೋಟನ್ನು ಒಗೆದು ಮಡಿಸಿ ತಂದುಕೊಟ್ಟರು. ಎಲ್ಲರಿಗೂ ಬರ್ತೀನಮ್ಮ ಎಂದರು, ನನಗೂ. ನಾನು ಮತ್ತೂ ಎಂಟು ತಿಂಗಳು ಅಲ್ಲೇ ಫೋಟೋ ತೆಗೆದೆ. ಆಮೇಲೆ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬಿಟ್ಟೆ.

ಆ ಹುಡುಗಿಯನ್ನು ಮೂರು ವರ್ಷದ ಮೇಲೆ ಸಿಟಿ ಬಸ್ಸಿನಲ್ಲಿ ಕಂಡೆ. ತೊಡೆಯ ಮೇಲೆ ಮಗು. ನನ್ನ ಗುರುತು ಹಿಡಿದು ಅವಳೇ ಮಾತಾಡಿಸಿದಳು. ಉದ್ದ ತೋಳಿನ ರವಿಕೆ ಹಾಕಿಕೊಂಡೇ ಮದುವೆಯಾಯಿತಂತೆ. "ಆ ಕಪ್ಪು ಹೋಗೋಕೆ ಒಂದೂವರೆ ವರ್ಷ ಆಯ್ತು ಕಣ್ರೀ. ಬಿಳಿ ಗೆರೆ ಹಂಗೇ ಇದಾವೆ. ನಮ್ಮನೆಯವ್ರು ಅದನ್ನ ಕಂಡೇ ಇರ್ಲಿಲ್ಲ, ನಾನೇ ತೋರ್ಸ್ಬೇಕಾಯ್ತು," ಎಂದು ನಕ್ಕಳು. ಇಳಿಯುವ ಮುಂಚೆ, "ಆ ನರ್ಸಮ್ಮ ಹೆಂಗಿದಾರೆ? ಪಾಪ, ಮನೆಗೇ ಬಂದು ನನ್ನ ಕೈ ಹಿಡ್ಕೊಂಡು, ನನ್ನಿಂದ ತಪ್ಪಾಯ್ತು ಮಗಳೇ ಅಂದ್ರು," ಎಂದಳು.

ಅಂದೇ ನಾನು ಒಂಟಿಕೊಪ್ಪಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಆಮೇಲೆ ಎಷ್ಟೋ ಸಲ ಆ ಕಡೆ ಹೋದರೂ ಅವರ ಬೀದಿಯ ತಿರುವು ಬಂದಾಗ ಗಾಡಿಯ ವೇಗ ಹೆಚ್ಚಿಸಿಬಿಡುತ್ತಿದ್ದೆ. ಇಷ್ಟು ವರ್ಷದ ಮೇಲೆ ಅವರಿಗೆ ಮರೆತಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೆಯೇ ಒಂಬತ್ತು ವರ್ಷ...

ತಂಗಿಯ ಮನೆಯಿಂದ ಬಂದ ಆ ಸಂಜೆ ಅವಳಿಗೆ ಫೋನ್ ಮಾಡಿ ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಕೆಂಪು, ಬಿಳುಪು, ಕಪ್ಪು, ಎಲ್ಲ. ಅಷ್ಟಕ್ಕೆ ಸಮಾಧಾನವಾಗಲಿಲ್ಲ.  ಮಾರನೆಯ ಭಾನುವಾರ ಬೆಳಗ್ಗೆ ಒಂಟಿಕೊಪ್ಪಲಿಗೆ ಹೋಗಿ, ಅಂಗಡಿಯಲ್ಲಿ ಕೇಳಿ ಮನೆ ಹುಡುಕಿದೆ.

ಬಾಗಿಲು ತೆಗೆದವರು ಅವರ ಯಜಮಾನರು. ರಿಟೈರಾದ ಬಸ್ ಕಂಡಕ್ಟರ್ ಎಂದು ಸಿಸ್ಟರ್ ಹೇಳಿದ್ದು ನೆನಪಿತ್ತು. ಹೊರಗಿನಿಂದಲೇ ಗೋಡೆಯ ಮೇಲೆ ಸಿಸ್ಟರ್ ಫೋಟೋ, ಅದಕ್ಕೆ ಹಾಕಿದ್ದ ಹಾರ ಕಂಡಿತು. ಹೋದ ವರ್ಷ ಹೃದಯಾಘಾತವಂತೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೇ, ಅವರ ಜೊತೆ ಕೆಲಸ ಮಾಡುತ್ತಿದ್ದೆ ಎಂದೆ.

"ಓ, ಫೋಟೋ ತೆಗೀತಿದ್ದ ಹುಡುಗಿನಾ? ಬನ್ನಿ ಬನ್ನಿ," ಎಂದು ಒಳಗೆ ಕರೆದು ಕೂರಿಸಿದರು. ನೀರು ತಂದುಕೊಟ್ಟರು. ಅವರಾಗಿಯೇ ಮಾತು ಶುರು ಮಾಡಿದರು.

"ಆ ಕ್ಲಿನಿಕ್ ಬಿಟ್ಟ ಮೇಲೆ ಅವಳು ಯಾರಿಗೂ ಒಂದು ಇಂಜೆಕ್ಷನ್ ಕೊಡ್ಲಿಲ್ಲ ನೋಡಿ. ಈ ಬೀದಿಯೋರೆಲ್ಲ ಬರೋರು, ಬಿ.ಪಿ. ನೋಡಿ ಸಿಸ್ಟರ್ ಅಂತ. ಆಗಲ್ಲ ಅಂದ್ಬುಡೋಳು. ನಂಗೆ ಸಕ್ಕರೆ ಕಾಯ್ಲೆ, ನನ್ನ ಇನ್ಸುಲಿನ್ನೂ ನನ್ನ ಕೈಲೇ ತುಂಬ್ಸೋಳು. ಯಾಕೆ ಅಂತ ಕೇಳಿದ್ರೆ, 'ನನ್ನ ಕಣ್ಣಿಗೆ ಅಂಕಿ ಒಂದು ಕಾಣುತ್ತೆ ಕಣ್ರೀ, ಕೈ ಇನ್ನೊಂದು ಒತ್ತುತ್ತೆ, ಒಂದು ಹುಡುಗೀನ ಸುಟ್ಟಾಗಿದೆ, ಸಾಕು' ಅನ್ನೋಳು. ಕೊನೇವರೆಗೂ ಅದೇ ಕೊರಗು."

ನಾನು ಹೇಳಿದೆ. ಹನ್ನೆರಡಕ್ಕೇ ಇಟ್ಟಿದ್ದರು, ಹದಿನಾರು ಮಾಡಿದ್ದು ಮೇಡಂ, ನಾನು ನೋಡುತ್ತಾ ನಿಂತಿದ್ದೆ ಎಂದು ಹೇಳಿದೆ. ಎಲ್ಲಿಯೂ ನಿಲ್ಲಿಸದೆ, ಅವರ ಮುಖ ನೋಡದೆ.

ಅವರು ನೀರಿನ ಲೋಟ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಅವಳು ನಿಮ್ಮನ್ನ ಕೇಳಿದ್ಲಂತಲ್ಲಮ್ಮ?" ಎಂದರು.

"ಕೇಳಿದ್ರು. ನಾನು ಸುಳ್ಳು ಹೇಳ್ದೆ."

ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡೆ. ಅವರು ಮೊಣಕಾಲಿಗೆ ಕೈಯೂರಿ ಎದ್ದು, ಗೋಡೆಯ ಹತ್ತಿರ ಹೋಗಿ ಫೋಟೋದ ಎದುರು ನಿಂತರು.

"ಕೇಳಿಸ್ಕೊಂಡ್ಯಾ? ನೀನಲ್ವಂತೆ ಕಣೆ," ಎಂದರು, ಮೆಲ್ಲಗೆ.

ಮತ್ತೆ ನನ್ನ ಕಡೆ ತಿರುಗಲಿಲ್ಲ. ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಾಗಿಲಾಚೆ ಬಂದು ಚಪ್ಪಲಿ ಮೆಟ್ಟಿಕೊಂಡೆ.