ಎದುರಿಗೆ ಬಂದ ಕೋಶವನ್ನೇ ಅಳೆ

‘ಗದ್ದೆ ಕೆಲ್ಸದ ಮನೆ ಹುಡುಗಿ ಡಿಗ್ರಿ ಮುಗ್ಸೂದು ಆಗೂ ಮಾತಲ್ಲ’ ಎಂದವರು ಅಂಕೋಲೆಯ ನನ್ನ ಸೋದರಮಾವ. ಆ ಮಾತನ್ನು ಸುಳ್ಳು ಮಾಡಿಸಿದವರು ಕಾರವಾರದ ಲ್ಯಾಬಿನಲ್ಲಿ ನನಗೆ ಕಲಿಸಿದ ಅಕ್ಕೋರು. ಪೆನ್ನಿನ ತುದಿಯಿಂದ ಕಂಪ್ಯೂಟರ್ ಪರದೆ ಕುಟ್ಟುತ್ತ, ‘ಕಣ್ಣು ಹೇಳ್ತು, ಈಗ ಅಳತೆ ಹೇಳ್ಲಿ’ ಎನ್ನುವುದು ಅವರ ರೂಢಿ.

ಥೈರಾಯ್ಡ್ ಗಂಟಿನಿಂದ ಸೂಜಿಯಲ್ಲಿ ತೆಗೆದ ಕೋಶಗಳ ಕೇಂದ್ರ, ಅಂದರೆ ನ್ಯೂಕ್ಲಿಯಸ್ ಎಷ್ಟು ದೊಡ್ಡದೆಂದು ಅಳೆದು, ಅದು ಕ್ಯಾನ್ಸರೋ ಅಲ್ಲವೋ ಎಂದು ಅಂದಾಜಿಸುವುದು ನನ್ನ ಪ್ರಾಜೆಕ್ಟ್. ಕೇಂದ್ರ ದೊಡ್ಡದಾದಷ್ಟೂ ಕ್ಯಾನ್ಸರಿನ ಅನುಮಾನ ಹೆಚ್ಚು. ಪ್ರಾಜೆಕ್ಟ್ ಬಿದ್ದರೆ ಡಿಗ್ರಿಯೂ ಇಲ್ಲ. ನಿಜ ಏನೆಂದು ಹೇಳುವ ಆಪರೇಷನ್ ನಂತರದ ವರದಿಗಳನ್ನು, ನಾನು ಅಳೆದು ಮುಗಿಸುವವರೆಗೆ ಅಕ್ಕೋರು ಬಚ್ಚಿಟ್ಟಿದ್ದರು. ನನ್ನ ಅಳತೆಯಲ್ಲಿ ಎಲ್ಲ ಗಂಟೂ ಕ್ಯಾನ್ಸರೇ! ಅಳುವೇ ಬಂತು.

ಅಕ್ಕೋರು ಪರದೆ ನೋಡಿ ಗದರಿದರು: ‘ದೊಡ್ಡ ದೊಡ್ಡ ಕೋಶನೇ ಆರ್ಸೀಯಲ್ಲೇ! ಪೇಟೇಲಿ ಬುಟ್ಟಿ ಮೇಲೆ ದೊಡ್ಡ ಬದನೆಕಾಯಿ ಇಟ್ಟಾಂಗೆ! ಎದುರಿಗೆ ಬಂದದ್ದನ್ನೇ ಅಳೆ.’

ಹಾಗೆಯೇ ಮತ್ತೆ ಅಳೆದೆ. ವರದಿಗಳನ್ನು ತೆರೆದಾಗ ಒಂದೊಂದೇ ನನ್ನ ಅಳತೆಗೆ ಹೊಂದುತ್ತ ಹೋದವು! ತಪ್ಪಿದ್ದು ಕೆಲವೇ. ಅಕ್ಕೋರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು.

ಪದವಿ ಪತ್ರವನ್ನೂ ಅವರೇ ನನ್ನ ಕೈಗಿತ್ತರು. ಪಕ್ಕದಲ್ಲಿದ್ದ ಅವ್ವ ಅವರ ಕೈ ಹಿಡಿದುಕೊಂಡಳು.

‘ಅಕ್ಕೋರೇ, ಇದ್ರ ತಂಗಿ ಒಂದದೆ. ಅದಕ್ಕೂ ಹೀಂಗೇ ಬೈರಿ.’