ಎಲೆ ತೋರದ ಹದಿನೈದನೆಯ ಬೇರು

ಬೆಳಗಿನ ಆರೂವರೆ. ಸಸ್ಯ ಸಂಶೋಧನಾ ಕೇಂದ್ರದ ಹಿತ್ತಲ ಶೆಡ್ಡಿನಲ್ಲಿ ನಲ್ಲಿ ತಿರುಗುತ್ತದೆ. ಕಿರುಬೆರಳಿಗಿಂತ ತೆಳುವಾದ ಧಾರೆ, ಅದರಡಿ ಜರಡಿ, ಜರಡಿಯಲ್ಲಿ ಮೊಣಕೈ ಉದ್ದದ ಮಣ್ಣಿನ ಗಟ್ಟಿ. ಮುಕ್ಕಾಲಿಯ ಮೇಲೆ ಕೂತ ಹೆಂಗಸು ಎಳೆಮಗುವಿನ ತಲೆಗೆ ನೀರು ಹಾಕುವವರಂತೆ ಅಂಗೈ ಅಡ್ಡ ಹಿಡಿದು ಹನಿಸುತ್ತಾರೆ. ಕಾಲು ಗಂಟೆಯಲ್ಲಿ ಮಣ್ಣೆಲ್ಲ ಕರಗಿ ಒಂದು ಹಿಡಿ ಸಿಕ್ಕು ಉಳಿಯುತ್ತದೆ. ನಮ್ಮ ಕಣ್ಣಿಗೆ ಅದು ಬಾಚಣಿಗೆಯಿಂದ ಬಿಡಿಸಿದ ಕೂದಲು. ಅವರಿಗೆ ಹದಿನಾಲ್ಕು ಬಗೆಯ ಗಿಡ.

ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುವುದು ಬೇರಮ್ಮ ಅಂತಲೇ. ಪಕ್ಕದ ಕುರುಚಲು ಕಾಡಿನಲ್ಲಿ ಹಗ್ಗ ಕಟ್ಟಿ ಗುರುತಿಸಿದ ನಲವತ್ತು ಚೌಕಗಳಿವೆ. ಒಂದೊಂದು ಚೌಕದಲ್ಲೂ ನೆಲದ ಮೇಲೆ ಎಷ್ಟು ಬಗೆಯ ಗಿಡ, ನೆಲದೊಳಗೆ ಎಷ್ಟು ಬಗೆಯ ಬೇರು ಎಂದು ಹೋಲಿಸುವುದು ಕೇಂದ್ರದ ಕೆಲಸ. ಮೇಲಿನದನ್ನು ಎಣಿಸಲು ಓದಿದವರಿದ್ದಾರೆ. ಕೆಳಗಿನದು ಬೇರಮ್ಮನ ಪಾಲು. ಚೌಕಗಳಿಂದ ಕೊರೆದು ತಂದ ಮಣ್ಣು ದಿನಕ್ಕೆ ನಾಲ್ಕು ಗಟ್ಟಿ, ಒಂದೊಂದಕ್ಕೆ ಒಂದೂವರೆ ಗಂಟೆ, ಐದು ವರ್ಷ.

ಮೊದಲು ಹನ್ನೊಂದು ವರ್ಷ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿದ ಕೈ ಅದು. ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಾಟಲಿ ತೊಳೆಯಲು ಬಂದರು. ಬೇರು ವಿಂಗಡಿಸುವವರು ಯಾರೂ ನಿಲ್ಲದೆ ಓಡಿಹೋಗುತ್ತಿದ್ದಾಗ ಚಿಮಟ ಇವರ ಕೈಗೆ ಬಂತು. ಈಗ ಬೆರಳ ತುದಿಗಳು ಸದಾ ಬಿರಿದಿರುತ್ತವೆ, ಸೊಂಟ ಸಂಜೆಗೆ ಮಾತು ಕೇಳುವುದಿಲ್ಲ. ಮನೆಯಲ್ಲಿ ಅತ್ತೆಯ ಕುಟುಕು ಬೇರೆ: "ಕಾಡಿನ ಮಣ್ಣೆಲ್ಲ ತೊಳೆದು ಬರ್ತಾಳೆ ನಮ್ಮ ಸೊಸೆ. ಬಚ್ಚಲಲ್ಲಿ ಪಾತ್ರೆ ಮಾತ್ರ ಬೆಳಗಿಂದ ದಾರಿ ಕಾಯ್ತಿರುತ್ತೆ."

ಗುರುತು ಹಿಡಿಯುವುದು ಹೇಗೆ ಎಂದರೆ ಬೇರಮ್ಮ ಒಂದು ಎಳೆಯನ್ನು ಉಗುರಿನಲ್ಲಿ ಮುರಿಯುತ್ತಾರೆ. "ಇದು ಟಕ್ ಅನ್ನುತ್ತೆ. ಇದು ನೂಲಿನ ಹಾಗೆ ಜಗ್ಗುತ್ತೆ. ಇದನ್ನ ಮೂಸಿ ನೋಡಿ, ಹಸಿ ಮೂಲಂಗಿ. ಈ ಗಿಡ ಮೇಲೆ ಮೊಣಕಾಲುದ್ದ ಇಲ್ಲ, ಬೇರು ಏಳು ಮಾರು ದೂರದ ಚೌಕಕ್ಕೆ ಹೋಗಿ ನೀರು ಕುಡಿದು ಬರುತ್ತೆ. ಕಳ್ಳ." ಹೇಳುತ್ತ ಅವರ ದನಿ ತಗ್ಗುತ್ತದೆ, ಮಲಗಿದವರ ಕೋಣೆಯಲ್ಲಿ ಮಾತಾಡುವಂತೆ.

ಹದಿನಾಲ್ಕನೆಯ ಚೌಕದಲ್ಲಿ ಮೇಲೆ ಕಾಣುವುದು ಒಂಬತ್ತು ಬಗೆಯ ಗಿಡ. ಕೆಳಗೆ ಸಿಕ್ಕಿದ್ದು ಹದಿನೈದು ಬಗೆಯ ಬೇರು. ಐದು ಅಕ್ಕಪಕ್ಕದಿಂದ ನುಸುಳಿದವು. ಉಳಿದ ಒಂದು ಐದು ವರ್ಷದಿಂದಲೂ ಸಿಗುತ್ತಿದೆ, ಅದರ ಗಿಡ ಮಾತ್ರ ಸುತ್ತಮುತ್ತ ಎಲ್ಲೂ ಇಲ್ಲ. ಕೆಂಪು ಎಳೆ, ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗಂಟು. "ಎಲ್ಲಾ ಬೇರಿಗೂ ಒಂದು ವಾಸನೆ ಇರುತ್ತೆ. ಇದಕ್ಕೆ ಏನೂ ಇಲ್ಲ. ಅದೇ ಇದರ ಗುರುತು."

ತೊಡಕಾದದ್ದು ಅದರಿಂದಲೇ. ಅಧ್ಯಯನದ ಮುಖ್ಯಸ್ಥೆಗೆ, ಎಲ್ಲರ ಬಾಯಲ್ಲಿ ಮೇಡಂಗೆ, ಅನುಮಾನ ಬಂತು: ಒಂದೇ ಗಿಡದ ಎಳೆ ಬೇರನ್ನೂ ಬಲಿತ ಬೇರನ್ನೂ ಎರಡೆಂದು ಎಣಿಸಿರಬಹುದೇ? ಹಾಗಾಗಿದ್ದರೆ ಆ ಒಂದು ಬೇರಷ್ಟೇ ಅಲ್ಲ, ಐದು ವರ್ಷದ ಲೆಕ್ಕವೂ ಕಸ. ಬೇರಮ್ಮ ವಾದಿಸಲಿಲ್ಲ. "ಪರೀಕ್ಷೆ ಇಡಿ ಮೇಡಂ. ತಪ್ಪಿದ್ರೆ ನಾಳೆಯಿಂದ ಬಾಟಲಿ ತೊಳೀತೀನಿ."

ಹೋದ ತಿಂಗಳು ಪರೀಕ್ಷೆ ನಡೆಯಿತು. ಮೇಡಂ ತಾವೇ ಗೊತ್ತಿರುವ ಗಿಡಗಳ ಬುಡ ಅಗೆದು ಎಳೆಯದು, ಬಲಿತದ್ದು ಎಂದು ಅರವತ್ತು ತುಂಡು ಕತ್ತರಿಸಿ, ನಂಬರು ಹಾಕಿ ತಟ್ಟೆಗಳಲ್ಲಿಟ್ಟರು. ಉತ್ತರದ ಹಾಳೆ ಅವರ ಜೇಬಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಐವತ್ತೊಂಬತ್ತು ತಾಳೆಯಾದವು. ನಲವತ್ತೆರಡನೆಯದನ್ನು ಮಾತ್ರ ಬೇರಮ್ಮ ಮೇಜಿನ ಮೂಲೆಗೆ ಸರಿಸಿಟ್ಟಿದ್ದರು.

"ಇದ್ಯಾಕೆ ಬಿಟ್ರಿ?"

"ಇದು ಬೇರಲ್ಲ ಮೇಡಂ."

"ನಾನೇ ಅಗೆದು ತಂದಿದ್ದು, ಬೇರಮ್ಮ."

"ಅಗೆದಿದ್ದೀರಿ, ಇಲ್ಲ ಅನ್ನಲ್ಲ. ಇದು ಮಣ್ಣಲ್ಲಿ ಹೂತುಹೋದ ಟೊಂಗೆ. ಬೆರಳಿಗೆ ಎಲೆ ಇದ್ದ ಜಾಗ ಸಿಗುತ್ತೆ, ಮುಟ್ಟಿ ನೋಡಿ."

ಮೇಡಂ ಬ್ಲೇಡಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಕೊನೆಗೆ ಉತ್ತರದ ಹಾಳೆ ಹೊರತೆಗೆದು ಬೇರಮ್ಮನದನ್ನಲ್ಲ, ತಮ್ಮ ಉತ್ತರವನ್ನೇ ತಿದ್ದಿದರು. ಅಷ್ಟೂ ಹೊತ್ತು ಗಿರಾಕಿಯ ಮುಂದೆ ನಿಂತ ದರ್ಜಿಯಂತೆ ಬೇರಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರಂತೆ. "ಹೆದರಿಕೆಗಲ್ಲ ಕಣ್ರೀ. ಕೈ ಒದ್ದೆ ಇತ್ತು," ಎನ್ನುತ್ತಾರೆ ಬೇರಮ್ಮ.

ಈಗ ಹದಿನಾಲ್ಕನೆಯ ಚೌಕದ ಪಟ್ಟಿಯಲ್ಲಿ ಹದಿನೈದನೆಯ ಸಾಲು ಇದೆ. ಎಲೆ, ಹೂವು, ಹೆಸರು, ಮೂರೂ ಖಾನೆ ಖಾಲಿ. ಬೇರು ಎಂಬಲ್ಲಿ ಮಾತ್ರ "ಜೀವಂತ" ಎಂದು ಬರೆದಿದೆ. ಕೆಲವು ಗಿಡ ವರ್ಷಗಟ್ಟಲೆ ತಲೆ ಎತ್ತದೆ ನೆಲದೊಳಗೇ ಬದುಕಿರಬಲ್ಲವು ಎಂದು ಮೇಡಂ ವಿವರಿಸಿದಾಗ ಬೇರಮ್ಮ ತಲೆಯಾಡಿಸಿದರು, ನೆಂಟರ ಸುದ್ದಿ ಕೇಳುವವರಂತೆ.

ಅಂದಿನಿಂದ ನಲ್ಲಿ ತಿರುಗಿಸುವ ಮೊದಲು ಅವರು ಆ ಚೌಕದವರೆಗೆ ನಡೆದುಹೋಗುತ್ತಾರೆ. ಹಗ್ಗದಾಚೆ ಕಾಲಿಡುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಒಂದು ಸುತ್ತು ನೋಡಿ ಎದ್ದು ಬರುತ್ತಾರೆ.

"ಹೆಸರು ಓದಿದವರು ಇಟ್ಟುಕೊಳ್ಳಲಿ. ನನಗೆ ಒಂದು ಸಲ ಎಲೆ ಕಂಡ್ರೆ ಸಾಕು," ಎನ್ನುತ್ತಾರೆ ಜರಡಿ ಕೊಡವುತ್ತ. "ಐದು ವರ್ಷ ಅದರ ಕಾಲು ತೊಳೆದಿದ್ದೀನಿ. ಮುಖ ಹೆಂಗಿದೆ ಅಂತ ನೋಡಬೇಡ್ವಾ?"