ಫ್ಯೂಸಕ್ಕ ಕಟ್ಟಿದ ಬೇಸ್ ಪೆಟ್ಟಿಗೆ

ಆ ಬೀದಿಯಲ್ಲಿ ಯಾರ ಮನೆಯ ದೀಪ ಕಣ್ಣು ಮುಚ್ಚಿದರೂ ಮೊದಲು ಏಳುತ್ತಿದ್ದ ಕೂಗು ‘ಫ್ಯೂಸಕ್ಕಾ!’ ಎಂದೇ. ಫ್ಯೂಸಕ್ಕನ ವಯಸ್ಸು ಐವತ್ತೆರಡು, ಅದರಲ್ಲಿ ಮೂವತ್ತು ವರ್ಷ ಏಣಿಯ ಮೇಲೆಯೇ ಕಳೆದವು. ವೈರಿಂಗ್ ಕೆಲಸ ಅಪ್ಪನಿಂದ ಕಲಿತದ್ದು. ಒಂದು ವೈರು ಇನ್ನೊಂದನ್ನು ದಾಟಬಾರದು ಎಂಬುದು ಅವಳ ಹಟ. ಅವಳು ಮುಗಿಸಿದ ಸ್ವಿಚ್ ಬೋರ್ಡನ್ನು ಬಿಚ್ಚಿದರೆ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಕಾಣುತ್ತಿತ್ತು.

ಅವಳ ತಮ್ಮ ಬ್ರೆಡ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವವನು. ಕೆಲಸ ಬಿಟ್ಟ ಮೇಲೆ ನಾಲ್ಕು ಜನರ ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ನಾಲ್ಕೇ ದಪ್ಪ ತಂತಿ, ಹೊಟ್ಟೆಯೊಳಗಿಂದ ಬಂದಂಥ ತಗ್ಗಿನ ದನಿ. ಆದರೆ ಅವನ ಹಳೆಯ ಸ್ಪೀಕರಿನ ಕಾಗದ ಹರಿದು, ಆ ದನಿ ಡ್ರಮ್ಮಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ತಂಡದ ಯಜಮಾನನೇ ಡ್ರಮ್ಮಿನವನು. ಅವನ ಬಾಯಿ ಅವನ ಕೋಲಿಗಿಂತ ಜೋರು.

“ನೀನು ನುಡಿಸ್ತಿದೀಯೋ ಹೊಟ್ಟೆ ಕೆರ್ಕೋತಿದೀಯೋ ಗೊತ್ತೇ ಆಗಲ್ಲ ಕಣಯ್ಯ. ಭಾನುವಾರ ನಾಲ್ಕು ಗಂಟೆಗೆ ನಿಮ್ಮಕ್ಕನ ಮನೆಗೇ ಬರ್ತೀನಿ. ಅಷ್ಟರಲ್ಲಿ ನಿನ್ನ ಗಿಟಾರ್ ಕೇಳಿಸ್ಬೇಕು. ಇಲ್ಲಾಂದ್ರೆ ನಿನ್ನ ಬೇಸ್ ಕೆಲಸ ಕೀಬೋರ್ಡ್ ನುಡಿಸೋನ ಎಡಗೈಗೆ!” ಎಂದುಬಿಟ್ಟ.

ತಮ್ಮ ಮುಖ ಇಳಿಬಿಟ್ಟುಕೊಂಡು ಬಂದು ಅಕ್ಕನ ಎದುರು ಕೂತ.

“ಹೊಸ ಸ್ಪೀಕರ್ ಪೆಟ್ಟಿಗೆ ತಾನೆ? ನಾನೇ ಕಟ್ತೀನಿ ಬಿಡು,” ಎಂದಳು ಫ್ಯೂಸಕ್ಕ.

“ಅಕ್ಕಾ, ಇದು ಟ್ಯೂಬ್‌ಲೈಟ್ ಅಲ್ಲ.”

“ಎರಡು ವೈರು ತಾನೆ ಬರೋದು? ಎರಡು ವೈರಿನ ಯಾವ ವಸ್ತುವೂ ನನ್ ಕೈಲಿ ಕೆಟ್ಟಿಲ್ಲ ಕಣೋ.”

ವಾರವಿಡೀ ಮನೆಯ ಮುಂದಿನ ಕೋಣೆ ಮರದ ಪುಡಿಯಲ್ಲಿ ಮುಳುಗಿತು. ಮುಕ್ಕಾಲು ಅಂಗುಲದ ಪ್ಲೈವುಡ್, ಎರಡೂವರೆ ಅಡಿ ಎತ್ತರ. ಮುಂದಿನ ಹಲಗೆಯಲ್ಲಿ ಎರಡು ದುಂಡು ತೂತು ಕೊರೆದು, ಹತ್ತಂಗುಲದ ಎರಡು ಸ್ಪೀಕರುಗಳನ್ನು ಅಕ್ಕ ತಮ್ಮ ಒಂದರ ಕೆಳಗೊಂದು ಕೂರಿಸಿದರು. ಗಾಳಿ ಸೋರದಂತೆ ಮೂಲೆಮೂಲೆಗೂ ಅಂಟು. ಹಿಂದಿನ ಹಲಗೆಯ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ, ಮೇಲೆ ಹದಿನಾರು ಸ್ಕ್ರೂ. ಸ್ಪೀಕರಿನ ಬೆನ್ನಿನಲ್ಲಿ ವೈರು ಕಟ್ಟಲು ಎರಡೆರಡು ಕಾಲುಗಳಿದ್ದವು, ಒಂದರ ಪಕ್ಕ ಕೆಂಪು ಚುಕ್ಕೆ. ಫ್ಯೂಸಕ್ಕ ಕೆಳಗಿನ ಸ್ಪೀಕರನ್ನು ತಲೆಕೆಳಗು ಮಾಡಿ ಕೂರಿಸಿದ್ದಳು, ಎರಡರ ಕಾಲುಗಳೂ ಎದುರುಬದುರಾಗಲಿ ಎಂದು. ನಡುವೆ ನೆಟ್ಟಗೆ ಎರಡು ವೈರು ಎಳೆದು ಬೆಸುಗೆ ಹಾಕಿದಳು. ಕೆಂಪು ಚುಕ್ಕೆ ಕಣ್ಣಿಗೆ ಬೀಳದೇ ಇರಲಿಲ್ಲ. ಬಲ್ಬಿಗೆ ಯಾವ ವೈರು ಯಾವ ಕಡೆ ಕೊಟ್ಟರೂ ಉರಿಯುತ್ತದಲ್ಲ, ಇದೂ ಹಾಗೇ ಎಂದುಕೊಂಡಳು.

ಭಾನುವಾರ ಎರಡು ಗಂಟೆಗೆ ತಮ್ಮ ಪೆಟ್ಟಿಗೆಯನ್ನು ತನ್ನ ಆಂಪ್ಲಿಫೈಯರಿಗೆ ಜೋಡಿಸಿ ದಪ್ಪ ತಂತಿ ಮೀಟಿದ. ಸೊಳ್ಳೆ ಗೊಣಗಿದಂತಾಯಿತು!

“ಅಕ್ಕಾ, ಹಳೇದೇ ವಾಸಿ ಇತ್ತು.”

ಫ್ಯೂಸಕ್ಕ ಹದಿನಾರು ಸ್ಕ್ರೂ ಬಿಚ್ಚಿ, ಕೆಳಗಿನ ಸ್ಪೀಕರಿನ ವೈರು ಕಿತ್ತಳು. “ಈಗ ಮೀಟು.” ಮೇಲಿನದೊಂದೇ ಧಿಮ್ಮೆಂದಿತು. ಮತ್ತೆ ಜೋಡಿಸಿದರೆ ಮತ್ತೆ ಸೊಳ್ಳೆ.

“ಒಬ್ಬನೇ ಇದ್ರೆ ಗುಡುಗ್ತಾನೆ, ಇನ್ನೊಬ್ಬ ಬಂದ ಕೂಡ್ಲೇ ಗಪ್‌ಚಿಪ್. ಥೇಟ್ ನಿಮ್ಮ ಭಾವ, ಅವರಮ್ಮ ಬಂದಾಗ ಹೀಗೇ!”

ನಗುತ್ತಲೇ ಚೀಲದಿಂದ ಟಾರ್ಚಿನ ಸೆಲ್ ತೆಗೆದಳು. ಆಂಪ್ಲಿಫೈಯರ್ ಕಳಚಿ, ಪೆಟ್ಟಿಗೆಗೆ ಬರುವ ಎರಡು ವೈರಿನ ತುದಿಗೆ ಸೆಲ್ಲನ್ನು ತಾಗಿಸಿ, ಮುಂದೆ ಬಗ್ಗಿ ನೋಡಿದಳು. ಟಪ್! ಮೇಲಿನದು ಹೊಟ್ಟೆ ಉಬ್ಬಿಸಿತು, ಕೆಳಗಿನದು ಹೊಟ್ಟೆ ಒಳಗೆಳೆದುಕೊಂಡಿತು. ಇನ್ನೊಮ್ಮೆ ತಾಗಿಸಿದಳು. ಮತ್ತೆ ಅದೇ.

“ಸಿಕ್ತು! ಸಿಕ್ತು ಕಣೋ!”

“ಏನ್ ಸಿಕ್ತು?”

“ಇವನು ಗಾಳಿ ತಳ್ತಾನೆ, ಅವನು ಅದೇ ಗಾಳೀನ ಎಳ್ಕೋತಾನೆ! ಒಬ್ಬ ಹಾಸ್ತಾನೆ, ಇನ್ನೊಬ್ಬ ಮಡಚ್ತಾನೆ. ಹೊರಗೆ ಬರೋದು ಏನು, ಮಣ್ಣು!”

ಸ್ಪೀಕರ್ ತಲೆಕೆಳಗಾದಾಗ ಚುಕ್ಕೆಯೂ ಆಚೆ ಪಕ್ಕಕ್ಕೆ ಹೋಗಿತ್ತು. ನೆಟ್ಟಗೆ ಎಳೆದ ವೈರು ಚುಕ್ಕೆಯಿದ್ದ ಕಾಲನ್ನು ಚುಕ್ಕೆಯಿಲ್ಲದ ಕಾಲಿಗೆ ಕಟ್ಟಿಹಾಕಿತ್ತು. ಗಂಟೆ ಮೂರೂವರೆ. ಬೆಸುಗೆ ಕಡ್ಡಿ ಕಾಯುವವರೆಗೂ ಫ್ಯೂಸಕ್ಕನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಕೆಳಗಿನ ಸ್ಪೀಕರಿನ ಎರಡು ವೈರು ಬಿಚ್ಚಿದಳು, ಅದಲುಬದಲು ಮಾಡಿ ಬೆಸೆದಳು.

“ಅಕ್ಕಾ, ವೈರು ದಾಟ್ತಿದೆ!” ತಮ್ಮನಿಗೆ ಕಿಚಾಯಿಸುವಷ್ಟು ಜೀವ ಬಂದಿತ್ತು.

“ದಾಟ್ಲಿ ಬಿಡೋ! ಸ್ಕ್ರೂ ಹಾಕು, ಸ್ಕ್ರೂ ಹಾಕು!”

ಹದಿಮೂರನೆಯ ಸ್ಕ್ರೂ ತಿರುಗುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಡ್ರಮ್ಮಿನವನು ಒಳಗೆ ಬಂದು ಕುರ್ಚಿಯ ಮೇಲೆ ಕಾಲು ಚಾಚಿ ಕೂತ. “ಎಲ್ಲಿ, ಕೇಳ್ಸು.”

ತಮ್ಮ ಉಳಿದ ಮೂರು ಸ್ಕ್ರೂ ಬಿಗಿದು, ಆಂಪ್ಲಿಫೈಯರನ್ನು ಮತ್ತೆ ಜೋಡಿಸಿ ಮೀಟಿದ. ಕಪಾಟಿನ ಡಬ್ಬಗಳಲ್ಲಿ ಮೊಳೆಗಳು ಕುಣಿದವು. ಕಿಟಕಿಯ ಗಾಜು ಝಣಗುಟ್ಟಿತು. ನೆಲದಿಂದ ಹತ್ತಿದ ನಡುಕ ಫ್ಯೂಸಕ್ಕನ ಮೊಣಕಾಲು ದಾಟಿ ಎದೆಗೇ ಬಂತು. ಡ್ರಮ್ಮಿನವನು ಚಾಚಿದ್ದ ಕಾಲು ಎಳೆದುಕೊಂಡ. ಮೂಲೆಯಲ್ಲಿದ್ದ ಎರಡು ಪೈಪಿನ ತುಂಡು ಎತ್ತಿಕೊಂಡು ಬಣ್ಣದ ಡಬ್ಬದ ಮೇಲೆ ತಾಳ ಹಾಕತೊಡಗಿದ. ಇಪ್ಪತ್ತು ನಿಮಿಷ ಇಬ್ಬರೂ ನಿಲ್ಲಿಸಲಿಲ್ಲ.

ಕೊನೆಗೆ ಡ್ರಮ್ಮಿನವನು ಬೆವರೊರೆಸಿಕೊಂಡು ಎದ್ದ. “ನಡಿ, ಅಭ್ಯಾಸಕ್ಕೆ ಹೋಗೋಣ. ಉಳಿದವರಿಬ್ರೂ ಕಾಯ್ತಿದಾರೆ. ನೀನು ಆ ಕಡೆ ಹಿಡಿ.”

“ಏನ್ ಭಾರಾನಪ್ಪಾ!” ಎನ್ನುತ್ತಲೇ ಇಬ್ಬರೂ ಪೆಟ್ಟಿಗೆ ಎತ್ತಿದರು. ಫ್ಯೂಸಕ್ಕ ಮುಂದೆ ಓಡಿ ಬಾಗಿಲು ಪೂರ್ತಿ ತೆರೆದಳು.